ಖರೇ ಹೇಳುವ ಪೆಟ್ಟಿಗೆಗಳು

ಹಳೆಯ ಸ್ಪೀಕರು ಕೊಳ್ಳಲು ಹೊರಟವರು ಕಿವಿಗಿಂತ ಮೊದಲು ಮೂಗನ್ನು ಕರೆದೊಯ್ಯಬೇಕು. ಪೆಟ್ಟಿಗೆಯ ಬೆನ್ನಿಗೆ ಮೂಗು ಹಚ್ಚಿ ಉಸಿರೆಳೆದರೆ ಅರ್ಧ ಚರಿತ್ರೆ ಅಲ್ಲೇ ತಿಳಿಯುತ್ತದೆ: ಇಲಿ ಸಂಸಾರ ಹೂಡಿತ್ತೋ, ಮಳೆನೀರು ಕುಡಿದಿದೆಯೋ, ಯಾರಾದರೂ ಅದರ ಮೇಲೆ ವರ್ಷಗಟ್ಟಲೆ ಸಂಡಿಗೆ ಒಣಗಿಸಿದ್ದಾರೋ. ಆಮೇಲೆ ಬೆರಳ ಗೆಣ್ಣಿನಿಂದ ಹಲಗೆಯನ್ನು ಕಲ್ಲಂಗಡಿ ತಟ್ಟಿದ ಹಾಗೆ ತಟ್ಟಬೇಕು. ಕಾಗದದ ಕೋನನ್ನು ಎರಡೂ ಹೆಬ್ಬೆರಳಿನಿಂದ ಮೆಲ್ಲಗೆ, ಸಮವಾಗಿ ಒಳಕ್ಕೊತ್ತಿ ಬಿಡಬೇಕು. ಒಳಗೆ ಕರಕರ ಎಂದರೆ ತಂತಿಯ ಸುರುಳಿ ಉಜ್ಜುತ್ತಿದೆ. ಕೈಮುಗಿದು ಎದ್ದು ಬನ್ನಿ. ಗೋಡೆ ಗಡಿಯಾರದ ಸೆಲ್ಲೊಂದು ನನ್ನ ಜೇಬಿನಲ್ಲಿ ಸದಾ ಇರುತ್ತದೆ. ಅದನ್ನು ಹಿಂದಿನ ತಂತಿಯ ಎರಡು ತುದಿಗೆ ತಾಗಿಸಿದರೆ ಕೋನು ಟಕ್ಕೆಂದು ಮುಂದಕ್ಕೆ ಜಿಗಿಯಬೇಕು. ಆಗ ನಾನು ಸರಕಾರಿ ಡಾಕ್ಟರರ ದನಿಯಲ್ಲಿ “ಹ್ಞಾಂ, ಜೀವ ಅದ, ಹೆದರಬ್ಯಾಡ್ರಿ” ಎನ್ನುತ್ತೇನೆ. ಮಾರುವವರು ನಗುತ್ತಾರೆ. ನಕ್ಕವರು ಚೌಕಾಸಿಯಲ್ಲಿ ಸ್ವಲ್ಪ ಮೆತ್ತಗಾಗುತ್ತಾರೆ.

ದೇವರು ನನಗೆ ಮುಖ ಕೊಡುವಾಗ ಅವಸರದಲ್ಲಿದ್ದ, ಗಂಟಲು ಕೊಡುವಾಗ ಪುರುಸೊತ್ತು ಮಾಡಿಕೊಂಡ. ಶಹಾಪುರದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ; ಅದಕ್ಕಿಂತ ಹೆಚ್ಚಾಗಿ ಹೆಡ್‌ಮಾಸ್ತರರ ದನಿ ಮಾಡುತ್ತೇನೆ. ಸುರಪುರ ಬಸ್ಸಿನ ಕಂಡಕ್ಟರ್, ಮದುವೆಯಲ್ಲಿ ಮುನಿಸಿಕೊಂಡ ಬೀಗರು, ಕಾಲುವೆಗೆ ನೀರು ಬಿಟ್ಟ ದಿನ ಗಂಟಲು ಹರಿದುಕೊಳ್ಳುವ ಕಪ್ಪೆಗಳು, ಎಲ್ಲರೂ ನನ್ನೊಳಗೆ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ಒಬ್ಬರ ದನಿಯನ್ನು ಮಾತ್ರ ನಾನು ಮಾಡುವುದಿಲ್ಲ. ಜೀವನದಲ್ಲಿ ಒಂದೇ ಒಂದು ಸಲ ಮಾಡಿದ್ದೇನೆ. ಅದು ನನ್ನ ಅತ್ಯುತ್ತಮ ಪ್ರದರ್ಶನ, ಮತ್ತು ಅದಕ್ಕೆ ಯಾರೂ ಚಪ್ಪಾಳೆ ತಟ್ಟಿಲ್ಲ.

ಅದು ನನ್ನ ದೊಡ್ಡಪ್ಪನ ದನಿ. ಅವರದು ನಮ್ಮೂರಿನ ಉಪಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸ. ಈ ದಂಡೆಯಲ್ಲಿ ನಿಂತು ಕೂಗಿದರೆ ಮೂರು ಗದ್ದೆಯಾಚೆ ನಾಟಿ ಹಚ್ಚುವವರು ಸೊಂಟ ನೆಟ್ಟಗೆ ಮಾಡುತ್ತಿದ್ದರು. ಅಂಥ ಗಂಟಲು. ಶ್ರಾವಣ ಸೋಮವಾರ ಮಧ್ಯಾಹ್ನ ನಾಲ್ಕು ಜನರನ್ನು ಕೂಡಿಸಿಕೊಂಡು ಮನೆಯ ಪಡಸಾಲೆಯಲ್ಲಿ ಭಜನೆ ಹಾಡುತ್ತಿದ್ದರು. ಒಮ್ಮೆ ಅದನ್ನು ಟೇಪಿನಲ್ಲಿ ತುಂಬಿದರು. ಮರುವರ್ಷ ಜ್ವರ ಬಂದು ಎಂಟೇ ದಿನದಲ್ಲಿ ಹೋದರು.

ಅವರಿಗೆ ಮಕ್ಕಳಿರಲಿಲ್ಲ. ನಾನು ದೊಡ್ಡವ್ವನ ಮಡಿಲಲ್ಲೇ ಬೆಳೆದವನು. ಕ್ಯಾಸೆಟ್ ತೋರಿಸಿ, ಕೇಳುತ್ತೀಯಾ ಎಂದಾಗ ಅವಳು ಬೇಡವೆಂದಳು. “ಈಗ ಎದಿ ತಡಿಯಂಗಿಲ್ಲಪ. ಹಿರಿಯರ ಅಮಾಸಿಗಿ ಎಡಿ ಇಡಬೇಕಾದ್ರ ಹಚ್ಚು, ಅವತ್ತ ಕೇಳ್ತೀನಿ.”

ನನಗೆ ಆಗ ಹದಿಮೂರು. ದನಿ ಒಡೆಯುತ್ತಿತ್ತು, ಒಂದೇ ವಾಕ್ಯದಲ್ಲಿ ಕೋಣವೂ ನಾನೇ, ಕೋಳಿಮರಿಯೂ ನಾನೇ. ಮಾಸ್ತರರ ದನಿ ಮಾಡಿ ಟೇಪಿನಲ್ಲಿ ತುಂಬಿ ಗೆಳೆಯರಿಗೆ ಕೇಳಿಸುವ ಹುಚ್ಚು ಹತ್ತಿತ್ತು. ಖಾಲಿ ಕ್ಯಾಸೆಟ್ ಇರಲಿಲ್ಲ. ಭಜನೆ ಮುಗಿದ ಮೇಲೆ ಜಾಗ ಉಳಿದಿದೆಯಲ್ಲ ಎಂದುಕೊಂಡೆ. ಮೇಲೆ ಯಾರೂ ತುಂಬಬಾರದೆಂದು ದೊಡ್ಡಪ್ಪ ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಹಲ್ಲು ಮುರಿದಿಟ್ಟಿದ್ದರು. ನಾನು ಆ ತೂತಿಗೆ ಕಾಗದದ ಉಂಡೆ ತುರುಕಿದೆ. ಕೆಂಪು ಗುಂಡಿ ಒತ್ತಿದೆ. ಬಾಯಿ ತೆರೆಯುವಷ್ಟರಲ್ಲಿ ನಗು ಬಂತು. ನಗು ನುಂಗುವಷ್ಟರಲ್ಲಿ ನೆನಪಾಯಿತು: ಭಜನೆ ಮುಗಿದ ಮೇಲೂ ಟೇಪು ಓಡುತ್ತಲೇ ಇತ್ತು, ದೊಡ್ಡಪ್ಪ ಅಡುಗೆಮನೆಯತ್ತ ತಿರುಗಿ ದೊಡ್ಡವ್ವನನ್ನು ಕೂಗಿದ್ದರು. ಆ ಕ್ಯಾಸೆಟ್ಟಿನಲ್ಲಿ ಅವರು ಹೆಂಡತಿಗೆ ಆಡಿದ ಮಾತು ಅದೊಂದೇ. ಹಿಂದಕ್ಕೆ ತಿರುಗಿಸಿ ಹಚ್ಚಿದರೆ ಅದರ ಜಾಗದಲ್ಲಿ ಬರೀ ಸುಯ್ ಎನ್ನುವ ಸದ್ದು.

ಅಮಾವಾಸ್ಯೆಗೆ ಎರಡು ದಿನ ಉಳಿದಿತ್ತು. ನೀರು ತುಂಬುವ ಖಾಲಿ ತಾಮ್ರದ ಕೊಡ ತಂದು, ಅದರ ಬಾಯಿಗೆ ಬಾಯಿಟ್ಟು, ಪಕ್ಕದಲ್ಲಿ ಟೇಪು ಇಟ್ಟುಕೊಂಡು, ಅಳಿಸಿಹೋದ ಜಾಗದಲ್ಲೇ ನೆನಪಿದ್ದಷ್ಟನ್ನು ಕೂಗಿದೆ. “ಏ… ಚಾ ಆಗ್ಯಾದೇನು? ಐದು ಮಂದಿ ಅದೀವಿ ನೋಡು!” ಕೊಡ ನನ್ನ ದನಿಗೆ ಹೊಟ್ಟೆ ಕೊಟ್ಟಿತು. ಆ ದನಿ ಕೊಡದೊಳಗಿಂದ ಮರಳಿ ನನ್ನ ಮುಖಕ್ಕೆ ಬಡಿಯಿತು. ತಲೆಯೆತ್ತಿ ಬಾಗಿಲು ನೋಡಿದೆ. ಯಾರೂ ಇರಲಿಲ್ಲ ಎಂದು ಇವತ್ತಿಗೂ ಹೇಳಿಕೊಳ್ಳುತ್ತೇನೆ.

ಅಮಾವಾಸ್ಯೆಯ ದಿನ ಫೋಟೋದ ಮುಂದೆ ಎಡೆ ಇಟ್ಟು ಟೇಪು ಹಚ್ಚಿದೆವು. ಭಜನೆ ಮುಗಿಯಿತು. ಕೊಡದ ದನಿ ಬಂತು. ದೊಡ್ಡವ್ವ ಬೆಚ್ಚಿ, ಸೆರಗು ಸರಿಮಾಡಿಕೊಂಡು, “ಚಾ ತಂದೆ, ತಡೀರಿ” ಎಂದಳು. ಎದ್ದು ಒಳಗೆ ಹೋಗಿ ಚಹಾ ಮಾಡಿ ತಂದು ಎಡೆಯ ಪಕ್ಕ ಇಟ್ಟಳು. ಅಂದಿನಿಂದ ಪ್ರತಿ ವರ್ಷ ಹೀಗೇ. ನಾನು ತಲೆ ತಗ್ಗಿಸಿ ಕುಳಿತಿರುತ್ತಿದ್ದೆ. ನೆಂಟರು ಹುಡುಗನಿಗೆ ಎಷ್ಟು ಭಕ್ತಿ ಎನ್ನುತ್ತಿದ್ದರು.

ಆ ಟೇಪಿನ ಸ್ಪೀಕರು ಅಂಗೈಯಗಲದ್ದು. ಅದರಲ್ಲಿ ಕೋಗಿಲೆಯೂ ಶೀತವಾದ ಕೋಗಿಲೆಯೇ. ಹಾಗಾಗಿ ನಾನು ಬಚಾವಾಗಿದ್ದೆ. ಆದರೆ ವಯಸ್ಸಾದಂತೆ ಒಳ್ಳೆಯ ಸದ್ದಿನ ಆಸೆ ಅಂಟಿಕೊಂಡಿತು. ಬೇರೆಯವರ ದನಿ ಕದಿಯುವವನಿಗೆ ದನಿಯ ಅಂಚು, ಉಸಿರು, ತುಟಿ ಬಿಡಿಸುವ ಸಣ್ಣ ಸದ್ದು ಎಲ್ಲ ಕೇಳಬೇಕು. ಮೊದಲು ಯಾದಗಿರಿಯ ಸ್ಟೇಶನ್ ಹತ್ತಿರದ ಗುಜರಿಯಲ್ಲಿ ಒಂದು ಜೋಡಿ ಆರಿಸಿದೆ. ಎಂದಾದರೂ ಆ ಕ್ಯಾಸೆಟ್ ಹಚ್ಚಬೇಕಾಗಿ ಬಂದರೂ ಗುಟ್ಟು ಉಳಿಯಲೆಂದು, ಬೇಕೆಂದೇ ಗುಂಯ್‌ಗುಡುವ ಜೋಡಿ. ಅದು ಎಲ್ಲರನ್ನೂ ಒಂದೇ ಸಮ ಹೊಗಳುವ ಪುಢಾರಿಯ ಹಾಗೆ: ಗಂಡಸು ಹಾಡಲಿ, ಹೆಂಗಸು ಹಾಡಲಿ, ಎಲ್ಲರ ಎದೆಯೂ ಅದರಲ್ಲಿ ಮೂವತ್ತೆರಡು ಇಂಚು. ಎರಡು ವರ್ಷ ಅದರಲ್ಲೇ ಸುಖವಾಗಿದ್ದೆ. ಸುಖ ಎಂದರೆ ಸುಳ್ಳು, ಸುರಕ್ಷಿತವಾಗಿದ್ದೆ.

ಆಮೇಲೆ ಸುರಪುರದಲ್ಲಿ, ಗುಡ್ಡದ ಬುಡದ ಓಣಿಯಲ್ಲಿ, ನಿವೃತ್ತ ಮಾಸ್ತರರೊಬ್ಬರು ಸ್ಪೀಕರು ಮಾರುತ್ತಾರೆಂದು ಕೇಳಿ ಹೋದೆ. ಹಿಂದೆ ಹೈದರಾಬಾದಿನಿಂದ ತಂದದ್ದಂತೆ. ಸಾಗವಾನಿ ಪೆಟ್ಟಿಗೆ, ಕೋನಿನ ಸುತ್ತ ಬಟ್ಟೆಯ ಅಂಚು, ಮುಂದೆ ಗೋಧಿ ಬಣ್ಣದ ಜಾಳಿಗೆ. ಮೂಸಿದೆ, ತಟ್ಟಿದೆ, ಒತ್ತಿದೆ.

ಮಾಸ್ತರರು ಕುರ್ಚಿಯಿಂದಲೇ ಕೇಳಿದರು: “ಸ್ಪೀಕರ್ ತಗೊಳ್ಳಾಕ ಬಂದೀರೋ, ಎತ್ತು ತಗೊಳ್ಳಾಕ ಬಂದೀರೋ?”

“ಎತ್ತಾಗಿದ್ರ ಹಲ್ಲು ನೋಡ್ತಿದ್ದೆರಿ ಸರ್.”

“ಹಲ್ಲು ಅದಾವ ಅದಕ್ಕ. ನೀವು ಹ್ಯಾಂಗ ಹಾಡ್ತೀರಿ ಹಂಗ ಹೇಳ್ತದ, ಒಂದು ಮಾತು ಮುಚ್ಚಂಗಿಲ್ಲ. ನನ್ನ ಹಾಡು ತುಂಬಿ ಇದರಾಗ ಕೇಳಿದೆ ನೋಡ್ರಿ, ಅವತ್ತೇ ಹಾಡಾದು ಬಿಟ್ಟೆ.”

ಹಾರ್ಮೋನಿಯಂ ಪೆಟ್ಟಿಗೆಯ ಹಾಡೊಂದನ್ನು ಹಚ್ಚಿದರು. ಸ್ವರಕ್ಕಿಂತ ಮೊದಲು ಅದರ ಗಾಳಿ ಒತ್ತುವ ಭಾತೆ ಉಸಿರು ತುಂಬಿಕೊಂಡದ್ದು ಕೇಳಿತು. ಹಾಡುವವರು ಕೋಣೆಯ ಮೂಲೆಯಲ್ಲಿ ಕುಳಿತಿದ್ದರು. ಗೋಡೆ ಎಷ್ಟು ದೂರವಿತ್ತೆಂದು ಸಹ ಹೇಳಬಹುದಿತ್ತು. ಅವರು ತೀರಿ ಎಷ್ಟು ವರ್ಷವಾಗಿತ್ತೋ. ನನಗೆ ಆ ಕ್ಯಾಸೆಟ್ ನೆನಪಾಯಿತು. ಆದರೂ ಕೊಂಡೆ. ಕ್ಯಾಸೆಟ್ಟಿಗೆ ಅದರ ಹಳೆಯ ಟೇಪು ಇದೆಯಲ್ಲ, ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ನನಗೆ ನಾನೇ ವಕೀಲನಾದೆ.

ಮುಂದಿನ ತಿಂಗಳುಗಳು ನನ್ನ ಪಾಲಿನ ಸ್ವರ್ಗ. ಶಾಲೆ ಬಿಟ್ಟು ಬಂದು ಪಡಸಾಲೆಯಲ್ಲಿ ಕೂರುತ್ತಿದ್ದೆ. ಪೆಟ್ಟಿಗೆಗಳನ್ನು ಗೋಡೆಯಿಂದ ಒಂದು ಮೊಳ ಮುಂದೆ ಎಳೆದು, ಕಡಪಾ ಕಲ್ಲಿನ ತುಂಡುಗಳ ಮೇಲಿಟ್ಟು, ಮುಖ ಒಳಕ್ಕೆ ತಿರುಗಿಸಿದಾಗ ನಡುವೆ ಒಬ್ಬ ಮನುಷ್ಯ ಎದ್ದು ನಿಲ್ಲುತ್ತಿದ್ದ. ದೊಡ್ಡವ್ವ ಜೋಳ ಹಸನು ಮಾಡುತ್ತ, “ಯಾರಪ ಅಂವ, ನಮ್ಮನ್ಯಾಗ ಬಂದು ನಿಂತಾನ?” ಎನ್ನುತ್ತಿದ್ದಳು. ಇಷ್ಟರಲ್ಲಿ ನನ್ನ ಗಂಟಲು ಇನ್ನೂ ಇಳಿದಿತ್ತು. ಒಂದು ದಿನ ಹಿತ್ತಲಿನಲ್ಲಿ ನಾನು ಕೆಮ್ಮಿದರೆ ದೊಡ್ಡವ್ವ ಕೈಯಲ್ಲಿದ್ದ ಮೊರ ಬಿಟ್ಟು ತಿರುಗಿದಳು. ನನ್ನನ್ನು ನೋಡಿ ಚೆಲ್ಲಿದ ಜೋಳ ಆರಿಸತೊಡಗಿದಳು. ತರಗತಿಯಲ್ಲಿಯೂ ಒಮ್ಮೆ ಮಕ್ಕಳನ್ನು “ಏ…” ಎಂದು ಗದರಿಸಿದಾಗ ಬಂದದ್ದು ನನ್ನ ದನಿಯಲ್ಲ, ದೊಡ್ಡಪ್ಪನದು. ನಾನು ಕರೆಯದೆಯೇ ಬಂದಿತ್ತು. ಆ ದಿನ ಉಳಿದ ಪಾಠವನ್ನು ಮಕ್ಕಳಿಂದಲೇ ಓದಿಸಿದೆ.

ಅಮಾವಾಸ್ಯೆಯ ಹಿಂದಿನ ವಾರ ಹಳೆಯ ಟೇಪಿನ ಅಂಗೈಯಗಲದ ಸ್ಪೀಕರು ಹರಿಯಿತು. ಶಹಾಪುರದಲ್ಲಿ ಮೈಕ್‌ಸೆಟ್ ರಿಪೇರಿ ಮಾಡುವ ಚಾಚಾ ಇದ್ದಾರೆ. ಅಲ್ಲಿಗೆ ಒಯ್ಯುವಾಗ ದೊಡ್ಡವ್ವ ನನ್ನನ್ನು ನಂಬದೆ ತಾನೂ ಬಂದಳು.

ಚಾಚಾ ಮುಚ್ಚಳ ತೆಗೆದು ನೋಡಿದರು. “ಇದು ಖತಂ ಬೇಟಾ. ಟೇಪು ಓಡ್ತದ, ಬಾಯಿ ಹೋಗ್ಯಾದ. ವೈರ್ ಹೊರಗ ತೆಗೆದು ಕೊಡ್ತೀನಿ, ಮನ್ಯಾಗಿನ ದೊಡ್ಡ ಸ್ಪೀಕರಿಗಿ ಹಚ್ಚು.”

“ಬ್ಯಾಡ ಚಾಚಾ, ಇಂಥದೇ ಸಣ್ಣದು ಹಾಕ್ರಿ. ಹಳೇ ಕ್ಯಾಸೆಟ್, ತಡಿಯಂಗಿಲ್ಲ” ಎಂದೆ.

ದೊಡ್ಡವ್ವ ನಡುವೆ ಬಂದಳು. “ಯಾಕಲೇ? ಕಂಡವರೆಲ್ಲ ಬಂದು ಆ ಚಲೋ ಪೆಟಿಗ್ಯಾಗ ಹಾಡಬೇಕು, ನಿಮ್ಮ ದೊಡ್ಡಪ್ಪ ಮಾತ್ರ ಡಬ್ಬ್ಯಾಗ ಕುಂತು ಒದರಬೇಕೇನು? ಚಾಚಾ, ವೈರ್ ತೆಗಿರಿ ನೀವು.”

ಚಾಚಾ ವೈರ್ ತೆಗೆದರು. ಒಂದು ವಾರ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಹೇಳಿಬಿಡಬೇಕೆಂದು ಮೂರು ಸಲ ಅಡುಗೆಮನೆಗೆ ಹೋಗಿ ಮೂರು ಸಲವೂ ನೀರು ಕುಡಿದು ಬಂದೆ.

ಅಮಾವಾಸ್ಯೆ ಮಧ್ಯಾಹ್ನ. ಹೋಳಿಗೆ, ಕಟ್ಟಿನ ಸಾರು, ಫೋಟೋಕ್ಕೆ ಚೆಂಡುಹೂವು. ಕ್ಯಾಸೆಟ್ ಹಚ್ಚಿದೆ. ದಮ್ಮಡಿ ವಾದ್ಯದ ಮೊದಲ ಪೆಟ್ಟಿಗೇ ದೊಡ್ಡವ್ವನ ಕೈ ಎದೆಗೆ ಹೋಯಿತು. ಇಷ್ಟು ವರ್ಷ ಅದು ಬರೀ ಸದ್ದಾಗಿತ್ತು. ಈಗ ಚರ್ಮಕ್ಕೆ ಬೆರಳು ಬೀಳುತ್ತಿತ್ತು. ನಮ್ಮ ಪಡಸಾಲೆಯನ್ನು ಅಂದಿನ ನಮ್ಮದೇ ಪಡಸಾಲೆಯ ಸದ್ದು ತುಂಬಿತು. ಹಾಡಿನ ಹಿಂದೆ ಯಾರೋ ಕೆಮ್ಮಿದರು. ದೂರದಲ್ಲಿ ಮೇಕೆ ಕೂಗಿತು.

“ನಮ್ಮ ಕರಿ ಮ್ಯಾಕಿ ಅದು” ಎಂದಳು ದೊಡ್ಡವ್ವ. ಅದು ಸತ್ತು ಎಷ್ಟು ಕಾಲವಾಯಿತೋ. ಅವಳು ಬಾಗಿಲ ಕಡೆ ನೋಡಿದಳು, ನಾನೂ ನೋಡಿದೆ.

ಭಜನೆ ಮುಗಿಯಿತು. ಟಕ್ಕೆಂದು ಸಣ್ಣ ಸದ್ದು. ಬಂತು ನನ್ನ ದನಿ: “ಏ… ಚಾ ಆಗ್ಯಾದೇನು?” ಆ ಪೆಟ್ಟಿಗೆಗಳಲ್ಲಿ ಅದು ದೊಡ್ಡಪ್ಪನಾಗಿ ಒಂದು ಕ್ಷಣವೂ ಉಳಿಯಲಿಲ್ಲ. ಹದಿಮೂರರ ಹುಡುಗ, ತಾಮ್ರದ ಕೊಡ, ಗಂಟಲಲ್ಲಿ ಹೆದರಿಕೆ, ಮೂರೂ ಬೇರೆ ಬೇರೆ ಕೇಳಿದವು. “ಚಾ ತಂದೆ” ಎನ್ನಲು ತೆರೆದ ದೊಡ್ಡವ್ವನ ಬಾಯಿ ಹಾಗೇ ನಿಂತಿತು.

ಮತ್ತು ನನ್ನ ದನಿಯ ಕೆಳಗೆ ಇನ್ನೊಬ್ಬರು ಮಾತಾಡುತ್ತಿದ್ದರು. ಗೋಡೆಯಾಚೆಯಿಂದ ಬಂದ ಹಾಗೆ, ಬರೀ ತಗ್ಗು ಸ್ವರ, ಅಂಚುಗಳಿಲ್ಲದ ಮಾತು. ಅದೇ “ಚಾ ಆಗ್ಯಾದೇನು”. ನನ್ನದು ಮುಗಿದ ಮೇಲೂ ಅದು ಮುಗಿಯಲಿಲ್ಲ. ಇನ್ನಷ್ಟು ಮೆತ್ತಗಾಗಿ, “ನೀ ಏನರ ಉಂಡಿಯೇನು ಮುಂಜಾನಿಂದ?” ಎಂದಿತು.

ನಾನು ಅದನ್ನು ಮರೆತೇಬಿಟ್ಟಿದ್ದೆ. ಅವರ ಗುಡುಗನ್ನು ಕದ್ದಿದ್ದೆ. ಆ ತಗ್ಗಿದ ಮಾತು ನನ್ನಂಥ ಕಳ್ಳನಿಗೆ ಬೆಲೆಬಾಳುವ ಮಾಲು ಅನ್ನಿಸಿರಲೇ ಇಲ್ಲ.

“ಇನ್ನೊಮ್ಮಿ ಹಚ್ಚು” ಎಂದಳು. ಹಚ್ಚಿದೆ. “ಇನ್ನೊಮ್ಮಿ.” ಮೂರನೆಯ ಸಲಕ್ಕೆ ಕೇಳಿದಳು: “ಮ್ಯಾಲಿಂದು ಯಾರ ದನಿ?”

“ನಂದು.”

ಎಲ್ಲ ಹೇಳಿದೆ. ಕೊಡದ ಮಾತನ್ನೂ. ಅವಳು ಫೋಟೋ ನೋಡುತ್ತ ಕೇಳಿದಳು. “ಅಂದ್ರ ಇಷ್ಟು ವರ್ಸ ನಾ ನಿನಗ ಚಾ ತಂದೆ ಅಂದೀನಿ. ಅವರು ನನ್ನ ಉಂಡಿ ಏನು ಅಂತ ಕೇಳಿದ್ದಕ್ಕ ಒಮ್ಮಿನೂ ಜವಾಬು ಕೊಟ್ಟಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು, ಬೈಗುಳವನ್ನು ನಾನು ಅದೇ ರಾಗದಲ್ಲಿ ತಿರುಗಿಸಿ ನಗಿಸಬಲ್ಲೆ. ನಾಲ್ಕನೆಯ ದಿನ ಅವಳು ಕ್ಯಾಸೆಟ್ ತಂದು ನನ್ನ ಮುಂದಿಟ್ಟಳು. “ಚಾಚಾನ ಕಡಿ ಹೋಗು. ನಿಂದು ತೆಗಿಸು. ಅವರದಷ್ಟು ಇರಲಿ.”

ಚಾಚಾ ಕೇಳಿ ತಲೆಯಾಡಿಸಿದರು. ಆ ಟೇಪಿನಲ್ಲಿ ಅಳಿಸುವ ಹೆಡ್ಡು ಮೊದಲೇ ಸವೆದಿತ್ತಂತೆ; ದೊಡ್ಡಪ್ಪನ ದನಿಯ ಏರುಸದ್ದು ಅಳಿಸಿದೆ, ತಗ್ಗಿನದು ಕ್ಯಾಸೆಟ್ಟಿನ ಪಟ್ಟಿಯಲ್ಲೇ ಉಳಿದಿದೆ. ಸಣ್ಣ ಸ್ಪೀಕರಿಗೆ ಅಷ್ಟು ತಗ್ಗಿನ ದನಿ ಎತ್ತುವ ತಾಕತ್ತಿಲ್ಲ, ಅದಕ್ಕೇ ಯಾರಿಗೂ ಕೇಳಿರಲಿಲ್ಲ. “ಆದ್ರ ಬೇಟಾ, ತೆಗಿಯಾಕ ಆಗಂಗಿಲ್ಲ. ಹಳ್ಳದ ನೀರು ಕಾಲುವಿ ನೀರಾಗ ಕೂಡಿದ ಮ್ಯಾಲ ಯಾವ್ದು ಬ್ಯಾರಿ ಮಾಡ್ತಿ?”

ದೊಡ್ಡವ್ವನಿಗೆ ಹಾಗೇ ಹೇಳಿದೆ. ಅವಳು ಕ್ಯಾಸೆಟ್ ಇಸಿದುಕೊಂಡು ಒಳಗೆ ಒಯ್ದಿಟ್ಟಳು.

ಈಗ ವರ್ಷಕ್ಕೊಮ್ಮೆ ಅಲ್ಲ, ಪ್ರತಿ ಅಮಾವಾಸ್ಯೆಗೂ ಅವಳು ಕ್ಯಾಸೆಟ್ ಹಚ್ಚಿಸುತ್ತಾಳೆ. ಬೆಳಗಿನಿಂದಲೇ ಗುನುಗುತ್ತಿರುತ್ತಾಳೆ. ಮಣೆ ಹಾಕಿಕೊಂಡು ಎಡಗಡೆಯ ಪೆಟ್ಟಿಗೆಯ ಜಾಳಿಗೆಗೆ ಕಿವಿ ಹಚ್ಚಿ ಕೂರುತ್ತಾಳೆ. ನಾನು ಹಿಂದೆ, ಬಾಗಿಲ ಹತ್ತಿರ. ಭಜನೆ ಮುಗಿದು ಹದಿಮೂರರ ಹುಡುಗ ಕೂಗಲು ಬಾಯಿ ತೆರೆದನೋ ಇಲ್ಲವೋ, ಅವಳು ಪೆಟ್ಟಿಗೆಯ ಹಲಗೆಗೆ ಒಂದು ಏಟು ಹಾಕುತ್ತಾಳೆ.

“ಸುಮ್ಕಿರಲೇ ನೀ. ಅವರು ಮಾತಾಡಾಕತ್ತಾರ.”

ನಾನು ಉಸಿರು ಬಿಗಿಹಿಡಿಯುತ್ತೇನೆ. ಪೆಟ್ಟಿಗೆಯೊಳಗಿನವನು ಮಾತ್ರ ಕೇಳುವುದಿಲ್ಲ, ಕೂಗುತ್ತಲೇ ಇರುತ್ತಾನೆ.