ಮೋಟಾರಿನ ಹೊಸ್ತಿಲು

ಮೋಟಾರಿಗೂ ಹೊಸ್ತಿಲು ಇರುತ್ತದೆಂದು ಕಂಡುಹಿಡಿದವರು ನಮ್ಮ ಅತ್ತೆ. ನೀವು ನಗಬಹುದು. ಆದರೆ ಹಳೆಯ ಕಾರಿನ ಬಾಗಿಲು ತೆರೆದು ನೋಡಿ: ಒಳಗೆ ಕಾಲಿಡುವ ಮೊದಲು ದಾಟಬೇಕಾದ ಉದ್ದನೆಯ ತಗಡಿನ ಕಟ್ಟೆಯೊಂದು ಕಾಣುತ್ತದೆ. ಹೊಸ್ತಿಲಲ್ಲಿ ಲಕ್ಷ್ಮಿ ನೆಲೆಸುತ್ತಾಳೆ ಅನ್ನುತ್ತಾರೆ ಬಲ್ಲವರು. ಮನೆಗೆ ಚಕ್ರ ಇರಬಾರದೆಂದು ಅವರಾರೂ ಹೇಳಿದ್ದಿಲ್ಲ.

ಐವತ್ತರ ದಶಕದ ಕೊನೆಯ ಮಾತು. ಆಗಿನ ದಾಂಡೇಲಿಯ ಗಾಳಿಯ ತುಂಬ ಬೆಂದ ಬಿದಿರಿನ ವಾಸನೆ. ಧಾರವಾಡದಿಂದ ಬಂದ ಹೊಸದರಲ್ಲಿ ಮೂಗು ಮುಚ್ಚಿಕೊಂಡ ನಾನು ಈಗ ಅದೇ ವಾಸನೆಗೆ ಹಂಬಲಿಸುತ್ತೇನೆ. ಕಾಗದದ ಕಾರ್ಖಾನೆಯಲ್ಲಿದ್ದ ನಮ್ಮ ಮನೆಯವರು ಯಾರೋ ಸಾಹೇಬರು ಬಿಟ್ಟುಹೋದ ಮುದಿ ವಿಲಾಯತಿ ಕಾರೊಂದನ್ನು ಮನೆಗೆ ತಂದರು. ಓಡುವುದಕ್ಕಿಂತ ನಿಲ್ಲುವುದರಲ್ಲೇ ಅದಕ್ಕೆ ಹೆಚ್ಚು ಆಸಕ್ತಿ. ಅತ್ತೆಗೋ ಅದು ಸಾಕ್ಷಾತ್ ಲಕ್ಷ್ಮಿ. ಬೆಳಗಾದರೆ ಮನೆಯ ಹೊಸ್ತಿಲು ತೊಳೆದ ಕೈಯಲ್ಲೇ ಕಾರಿನ ಹೊಸ್ತಿಲಿಗೂ ತುಂಬಿದ ತಂಬಿಗೆ ನೀರು, ಅರಿಷಿಣ, ಕುಂಕುಮ, ಹೂವು. ಸೊಸೆಯಾದ ನಾನು ಹೂ ಕಿತ್ತು ಕೊಡದೆ ಇನ್ನೇನು ಮಾಡಲಿ!

ನಾದಿನಿ ಗಿರಿಜೆಯನ್ನು ಮುಂಡಗೋಡದ ಹತ್ತಿರ ಪಾಳಾಕ್ಕೆ ಕೊಟ್ಟಿತ್ತು. ಸೀಮಂತದ ಕುಬಸ ಮುಗಿದಿತ್ತು, ಹೆರಿಗೆಗೆ ಅವಳನ್ನು ತವರಿಗೆ ಕರೆತರಬೇಕು. ಹಿಂದಿನ ಸಲ ಬಸುರು ನಿಂತಿರಲಿಲ್ಲ. ಈ ಸಲ ಬಸ್ಸಿನ ಕುಲುಕಾಟ ಬೇಡವೇ ಬೇಡ ಎಂದಿದ್ದರು ಡಾಕ್ಟರು. ಎಲ್ಲರ ಕಣ್ಣೂ ಕಾರಿನ ಮೇಲೆ. ಇನ್ನೇನು ಹೊರಡಬೇಕು ಅನ್ನುವಾಗ ಅತ್ತೆ ಒಳಗೆ ಕಾಲಿಟ್ಟರು ನೋಡಿ, ಹೊಸ್ತಿಲು ಹಪ್ಪಳದ ಹಾಗೆ ಮುರಿದು ಬಾಗಿಲು ಜೋತುಬಿತ್ತು!

ತಗಡಿನ ಕೆಲಸದ ದಾದಾಪೀರ ಮಿಸ್ತ್ರಿ ಬಂದು ಮೊದಲು ಕಾರಿನ ಹೊಟ್ಟೆಗೆ ಮರದ ದಿಮ್ಮಿಗಳ ಆನಿಕೆ ಕೊಟ್ಟ. ಗಾಡಿಯ ಭಾರವೆಲ್ಲ ಹೊರುವುದು ಆ ಹೊಸ್ತಿಲೇ ಅಂತೆ. ಹಾಗೇ ಕತ್ತರಿಸಿದರೆ ಕಾರು ನಡು ಮುರಿದುಕೊಂಡು ಕೂರುತ್ತದಂತೆ. ಕತ್ತರಿಸಿದಾಗ ಒಳಗಿಂದ ಉದುರಿದ್ದು ತುಕ್ಕಿನ ಪುಡಿ, ಕೊಳೆತ ಹೂವು, ಕೆಸರಾದ ಕುಂಕುಮ. ನೀರು ಇಳಿದುಹೋಗುವ ತೂತುಗಳೆಲ್ಲ ಅದರಿಂದಲೇ ಮುಚ್ಚಿಹೋಗಿದ್ದವು.

"ಅವ್ವಾ, ಈ ದಾಂಡೇಲಿ ಮಳಿ ಭಾಳ ಕೆಟ್ಟ ನೋಡು," ಎಂದರು ನಮ್ಮ ಮನೆಯವರು, ಗಾಬರಿಯಿಂದ.

ಅತ್ತೆ ಬಗ್ಗಿ ಆ ಕೆಸರನ್ನು ಬೆರಳಿಗೆ ಹಚ್ಚಿಕೊಂಡು ನೋಡಿದರು. "ಮಳ್ಯಾಗ ಕುಂಕುಮ ಬೀಳತೈತೇನೋ? ಮಗಳನ್ನ ಕರಕೊಂಡ ಬರೂ ಗಾಡೀನ ನನ್ನ ಕೈಯಾರೆ ಹಾಳ ಮಾಡಿದ್ನೆಲ್ಲೋ!" ಎಂದು ಸೆರಗನ್ನು ಬಾಯಿಗೊತ್ತಿಕೊಂಡರು.

"ಅಳಬ್ಯಾಡ್ರಿ ಅವ್ವಾರ, ನಾ ಅದೀನಲ್ಲ," ಎಂದ ಮಿಸ್ತ್ರಿ. "ಇನ್ನ ಮುಂದ ಅರಿಷಿಣ-ಕುಂಕುಮ ಅಷ್ಟ ಹಚ್ರಿ. ನೀರ ಮಾತ್ರ ಬ್ಯಾಡ್ರಿ."

ಗಟ್ಟಿ ತಗಡು ಸಿಗುವವರೆಗೂ ಅವನು ತುಕ್ಕನ್ನು ಕತ್ತರಿಸುತ್ತ ಹೋದ. ಹೊಸ ತಗಡು ಮಡಚಿ ಕೂರಿಸಿ, ಮೊದಲು ಅಲ್ಲಲ್ಲಿ ಮಾತ್ರ ಬೆಸೆದು, ಬಾಗಿಲು ಹಾಕಿ ತೆಗೆದು ನೋಡಿದ. ಅದು ಸರಿಯಾಗಿ ಕೂತ ಮೇಲಷ್ಟೇ ಪೂರ್ತಿ ಬೆಸುಗೆ. ಅತ್ತೆ ಊಟ ಬಿಟ್ಟು ಎದುರಿಗೇ ಕೂತಿದ್ದರು. ಅವರೊಂದಿಗೆ ಮನೆಮಂದಿಗೆಲ್ಲ ಉಪವಾಸ.

ಪಾಳಾದಿಂದ ಬರುವಾಗ ಗಿರಿಜೆ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಹಾದಿಯುದ್ದಕ್ಕೂ ನಿದ್ದೆ ಹೋದಳು. ಹಳಿಯಾಳ ದಾಟುವವರೆಗೂ ಅತ್ತೆ ಬಾಗಿಲಿನ ಹಿಡಿಕೆ ಬಿಡಲಿಲ್ಲ.

ದೇವರು ದೊಡ್ಡವನು, ಹೆಣ್ಣು ಕೂಸು ಹುಟ್ಟಿತು. ತಾಯಿ-ಮಗು ಇಬ್ಬರೂ ಸುಖವಾಗಿದ್ದರು. ಬಾಣಂತಿಗೆ ನೀರು ಹಾಕುವುದರಲ್ಲಿ ಅತ್ತೆ ಓಣಿಗೆಲ್ಲ ಹೆಸರುವಾಸಿ. ಹಂಡೆ ಬರಿದಾಗುವವರೆಗೂ ಬಾಣಂತಿಗೆ ಬಿಡುಗಡೆಯಿಲ್ಲ. ಬೇಡವೆಂದವರ ಮಾತು ಅವರ ಕಿವಿಗೆ ಬಿದ್ದದ್ದೇ ಇಲ್ಲ. ಬಚ್ಚಲಲ್ಲಿ ಗಿರಿಜೆಯೂ ಸುಡುಸುಡು ನೀರಿಗೆ ಒದ್ದಾಡುತ್ತ, "ಯವ್ವಾ, ಸಾಕ ಮಾಡ, ತಾಳಂಗಿಲ್ಲ," ಎಂದಳು.

ತಂಬಿಗೆ ಎತ್ತಿದ ಅತ್ತೆಯ ಕೈ ಅಲ್ಲೇ ನಿಂತಿತು. ಮಗಳ ಕೆಂಪಾದ ಬೆನ್ನನ್ನೊಮ್ಮೆ ನೋಡಿದರು, ಹಂಡೆಯ ಪಕ್ಕ ನಿಂತಿದ್ದ ನನ್ನ ಮುಖವನ್ನೊಮ್ಮೆ ನೋಡಿದರು.

"ಸಾಕ ಬಿಡವಾ," ಎಂದರು. "ಕಬ್ಬಿಣನ ತಾಳಲಿಲ್ಲ, ನೀ ಎಲ್ಲಿಂದ ತಾಳತೀ?"