ಮಲಗಿ ನೋಡಿ ಕೊಂಡ ಕಾರು

ರಾಬರ್ಟ್‌ಸನ್‌ಪೇಟೆಯ ಬೀದಿಯಲ್ಲಿ, ಹಾಡಹಗಲಲ್ಲಿ, ನಮ್ಮ ಸೋದರತ್ತೆ ಮಾರಾಟಕ್ಕೆ ನಿಂತಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿಬಿಟ್ಟರು.

ಅರವತ್ತರ ದಶಕದ ಮಾತು. ಅತ್ತೆ ಬಂಗಾರಪೇಟೆಯ ಸುತ್ತಲ ಹಳ್ಳಿಗಳಿಗೆ ದಿನಾ ತಿರುಗುತ್ತಿದ್ದ ಹೆರಿಗೆ ನರ್ಸು. ಕಷ್ಟದ ಹೆರಿಗೆಯಾದರೆ ಆಸ್ಪತ್ರೆಗೆ ಎತ್ತಿನ ಗಾಡಿಯೇ ಗತಿ. ಅದಕ್ಕೇ ಈ ಕಾರಿನ ಹುಡುಕಾಟ, ಓಡಿಸಬೇಕಾದವನು ನಾನು. ನನ್ನ ಕಣ್ಣೆಲ್ಲ ಪಕ್ಕದಲ್ಲಿ ಫಳಫಳ ಹೊಳೆಯುತ್ತಿದ್ದ ಎರಡು ಬಾಗಿಲಿನ ಪುಟ್ಟ ಕಾರಿನ ಮೇಲಿತ್ತು. ಅತ್ತೆ ಮಲಗಿದ್ದು ಅಲ್ಲಿನ ಚಿನ್ನದ ಗಣಿಯ ಸಾಹೇಬರೊಬ್ಬರು ಬಿಟ್ಟುಹೋದ, ಬಣ್ಣ ಮಾಸಿದ ದೊಡ್ಡ ಆಸ್ಟಿನ್ ಕಾರಿನಲ್ಲಿ.

ದಲ್ಲಾಳಿ ನಕ್ಕ. "ಏನಮ್ಮಾ, ಕಾರ್ ತಗೊಳ್ಳಕ್ ಬಂದ್ಯಾ, ನಿದ್ದೆ ಮಾಡಕ್ ಬಂದ್ಯಾ?"

"ಕುಂತ್ಕೊಂಡ್ ಮೆರ್ಯಾಕಲ್ಲ ಕಣಪ್ಪಾ. ನೋವು ತಿನ್ನೋ ಎಣ್ಣುಮಗ್ಳು ಇದ್ರಾಗೆ ಮಲ್ಗಿ ಆಸ್ಪತ್ರೆ ಸೇರ್ಬೇಕು," ಎಂದ ಅತ್ತೆ ನನ್ನತ್ತ ತಿರುಗಿದರು. "ಆ ಗೂಡಿನೊಳಕ್ಕೆ ಅವಳನ್ನ ಎಂಗ್ಲಾ ತೂರುಸ್ತೀಯ? ಓಡ್ಸು ಇದನ್ನ, ಎಂಗ್ ಕುಲುಕ್ತದೋ ನೋಡ್ತೀನಿ."

ಮಾರಿಕುಪ್ಪಂವರೆಗೂ ಮಲಗಿಕೊಂಡೇ ಬಂದರು. ಗುಂಡಿ ಸಿಕ್ಕಾಗಲೆಲ್ಲ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕುಲುಕಾಟ ನೋಡಿದರು. ಎದ್ದು ಕೂತು, "ಇದೇ ಇರ್ಲಿ," ಎಂದರು. ಎಷ್ಟು ಹಳ್ಳಿಗಳ ಹೆಣ್ಣುಮಕ್ಕಳನ್ನು ಆ ಕಾರು ಹೊತ್ತು ತಂದಿತೋ.

ಕೆಲವು ವರ್ಷಗಳ ಮೇಲೆ ಆ ಸೀಟಿನಲ್ಲಿ ನನ್ನ ಹೆಂಡತಿ ಮಲಗಿದ್ದಳು, ಅತ್ತೆ ಅವಳ ಕೈ ಹಿಡಿದಿದ್ದರು. ಆಸ್ಪತ್ರೆಯ ಗೇಟು ದಾಟುವಾಗ ನನ್ನ ಬೆನ್ನ ಹಿಂದೆ ಮಗುವಿನ ಅಳು ಕೇಳಿಸಿತು. ಈಗಲೂ ಯಾರಾದರೂ ಕಾರು ನೋಡಲು ಕರೆದರೆ, ನಾನು ಮೊದಲು ತೆರೆಯುವುದು ಹಿಂದಿನ ಬಾಗಿಲನ್ನು.