ಬರಿಗೈಯಲ್ಲಿ ಕಳಿಸದವರು

ನನ್ನ ಗಂಡ ಲೋಕಯ್ಯನವರು ಯಾರನ್ನೂ ಬರಿಗೈಯಲ್ಲಿ ಕಳಿಸಿದವರಲ್ಲ. ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಉತ್ತರ ಕೊಡುತ್ತಿದ್ದರು.

ಪಂಪ್‌ವೆಲ್ ಸರ್ಕಲ್ಲಿನಲ್ಲಿ ನಿಂತು ಬಸ್ಸಿಗೆ ಜನ ಕರೆಯುವುದು ಅವರ ಕೆಲಸ. ಬಸ್ಸು ಯಾವಾಗ ಎಂದು ಯಾರು ಕೇಳಿದರೂ "ಈಗ ಬರ್ತದೆ" ಎನ್ನುತ್ತಿದ್ದರು. ಅದು ಆಗಷ್ಟೇ ಹೋಗಿರುತ್ತಿತ್ತು. ಒಮ್ಮೆ ಮದುವೆ ಹಾಲ್ ಎಲ್ಲಿ ಎಂದು ಕೇಳಿದವನನ್ನು ಇನ್ಯಾರದೋ ಮದುವೆಗೆ ಕಳಿಸಿದರು. ಅವನು ಅಲ್ಲೇ ಉಂಡು, ವಾಪಸು ಬಂದು, ಕೋರಿ ರೊಟ್ಟಿ ಚೆನ್ನಾಗಿತ್ತು ಎಂದು ಹೇಳಿ ಹೋದ.

"ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ನಿಮಗೆ ಎಂತ ರೋಗ?" ಎಂದು ಬೈದೆ.

"ಪಾಪ, ನಂಬಿ ಕೇಳ್ತಾರೆ ಕಿನ್ನಿ."

ಐದು ವರ್ಷದ ಹಿಂದೆ ಒಂದು ಮುಸ್ಸಂಜೆ ಫ್ಲೈಓವರಿನ ಅಡಿಯಲ್ಲಿ ಟಯರ್ ಅಂಗಡಿಯವನಿಗೆ ಯಾರೋ ಚೂರಿ ಹಾಕಿ ಓಡಿದರು. ಅವನು ಅಲ್ಲೇ ಸತ್ತ. ಪೊಲೀಸರು ಅಲ್ಲೇ ನಿಲ್ಲುತ್ತಿದ್ದ ಇವರಿಗೆ ಫೋಟೋ ತೋರಿಸಿ, ಇವನೇನಾ ಎಂದರು. ಇವನೇ ಎಂದರು ಇವರು. ಅದು ಸುಜಿತ್, ಆಚೆ ರಸ್ತೆಯ ದೊಡ್ಡ ಮನೆಯ ಹುಡುಗ. ಟಯರಿನವನಿಗೂ ಅವನಿಗೂ ಜಗಳವಿದ್ದದ್ದು ಊರಿಗೇ ಗೊತ್ತಿತ್ತು. ಕೋರ್ಟಿನಲ್ಲಿ ಅಂಗಿಯ ಬಣ್ಣ ಕೇಳಿದರು, ಹೇಳಿದರು. ಚೂರಿ ಯಾವ ಕೈಯಲ್ಲಿತ್ತು ಎಂದರು, ಅದನ್ನೂ ಹೇಳಿದರು. ಸಾಕ್ಷಿ ಎಲ್ಲಿಯೂ ತಡವರಿಸಲಿಲ್ಲ ಎಂದು ಜಡ್ಜರು ಮೆಚ್ಚಿ ಬರೆದರಂತೆ. ನೋಡಿದ ಬೇರೆಯವರು ಇರಲಿಲ್ಲ. ಸುಜಿತನಿಗೆ ಜೀವಾವಧಿ ಆಯಿತು. ಓದಿದವರು ಇವರನ್ನು ಹೊಗಳಿದ್ದು ಅದೇ ಮೊದಲು. ಕೆಲವು ದಿನ ಎದೆ ಎತ್ತಿ ನಡೆದರು.

ಈ ಮೇ ತಿಂಗಳಲ್ಲಿ ಬಜಪೆ, ಬಜಪೆ ಎಂದು ಕೂಗುತ್ತಿದ್ದವರು ಹಾಗೇ ಬಿದ್ದರು. ಬಸ್ಸು ಬಂತು. ಇವರು ಏಳಲಿಲ್ಲ.

ಯಾವುದೋ ಕ್ಯಾಂಪಿನಲ್ಲಿ ಸತ್ತ ಮೇಲೆ ಕಣ್ಣು ಕೊಡ್ತೀರಾ ಎಂದು ಕೇಳಿದ್ದರಂತೆ. ಇವರು ಇಲ್ಲ ಎನ್ನುವುದುಂಟೇ? ಆಸ್ಪತ್ರೆಯಿಂದ ಬಂದ ಹುಡುಗಿ ಟಾರ್ಚ್ ಹಾಕಿ ನೋಡಿದಳು.

"ಅಕ್ಕ, ಎರಡರಲ್ಲೂ ಪೊರೆ ಉಂಟಲ್ಲ. ಭಾರಿ ಹಳೇದು. ಇವರು ರಸ್ತೆಯಲ್ಲಿ ಹೇಗೆ ನಿಲ್ತಿದ್ರು?"

"ಹಾಗಾದ್ರೆ ಬೇಡ್ವಾ?"

"ಬೇಕು. ನಮಗೆ ಎದುರಿನ ಪರದೆ, ಕಾರ್ನಿಯಾ, ಸಾಕು. ಅದು ಚಂದ ಉಂಟು."

ಕಣ್ಣು ಅವಳು ತೆಗೆದುಕೊಂಡು ಹೋದಳು. ನನಗೆ ಕಂಡದ್ದು ಆಮೇಲೆ. ಇವರು ಬಸ್ಸನ್ನು ಹಾರ್ನಿನಲ್ಲಿ ಗುರುತಿಸುತ್ತಿದ್ದರು. ಬಂಗುಡೆ ಮೀನಿನ ಮುಳ್ಳನ್ನು ಬೆರಳಿನಲ್ಲಿ ಹುಡುಕುತ್ತಿದ್ದರು. ಚಹಾವನ್ನು ಲೋಟದ ಹೊರಗೆ ಹೊಯ್ಯುತ್ತಿದ್ದರು, ನಾನು ಬೈಯುತ್ತಿದ್ದೆ. ಈಗ ಚೆಲ್ಲುವವರಿಲ್ಲ. ಮೇಜು ಚೊಕ್ಕವಾಗಿದೆ. ಮಗಳು ತೃಪ್ತಿಯ ಮದುವೆಯಲ್ಲಿ ಧಾರೆಯ ನೀರನ್ನು ಜೋಡಿಸಿದ ಕೈಗಳ ಮೇಲೆ ಬಿಡುವ ಬದಲು ಅಳಿಯನ ಮಡಿಲಿಗೆ ಹೊಯ್ದಿದ್ದರು. ಎಲ್ಲರೂ ನಕ್ಕೆವು. ಆ ಮದುವೆ ನಡೆದದ್ದು ಕೊಲೆಯ ಹಿಂದಿನ ವರ್ಷ.

ಉತ್ತರಕ್ರಿಯೆಯ ಬೊಜ್ಜದ ಊಟದ ದಿನ ನಾನು ಇದನ್ನು ಬಾಯಿ ಬಿಟ್ಟು ಹೇಳಿದೆ. ಪಂಕ್ತಿಯಲ್ಲೇ ಕೋರ್ಟು ಶುರುವಾಯಿತು.

"ಲೋಕಯ್ಯಣ್ಣ ಸುಳ್ಳು ಹೇಳುವ ಜನ ಅಲ್ಲ" ಎಂದರು ಇವರ ಭಾವ.

"ಸುಳ್ಳು ಅಂತ ಯಾರು ಹೇಳಿದ್ದು?" ಎಂದರು ಬಸ್‌ಸ್ಟಾಪಿನ ಗೂಡಂಗಡಿಯ ಬ್ಯಾರಿ ಮೊಯ್ದೀನಬ್ಬ. "ನಿಂತ ಲಾರಿಗೆ ಅವರು ಜನ ಹತ್ತಿಸ್ಲಿಕ್ಕೆ ಹೋದದ್ದನ್ನು ನಾನು ನೋಡಿದ್ದೇನೆ."

"ಕೋರ್ಟಿಗಿಂತ ನಿಮಗೆ ಹೆಚ್ಚು ಗೊತ್ತುಂಟಾ ಬ್ಯಾರಿ?" ಎಂದರು ಭಾವ.

"ಕೋರ್ಟು ಪಂಪ್‌ವೆಲ್‌ನಲ್ಲಿ ಬಸ್ಸಿಗೆ ಕಾಯ್ಲಿಲ್ಲ ಮಾರಾಯ. ನಾನು ಕಾದಿದ್ದೇನೆ."

ಪಾಯಸ ಬಂತು. ತೀರ್ಪು ಅಲ್ಲಿಗೆ ನಿಂತಿತು. ಎಲ್ಲರೂ ಕೈ ತೊಳೆದು, ಕೇಳಿದ್ದಕ್ಕೆ ಇಲ್ಲ ಎಂದವರಲ್ಲ ಎಂದು ಇವರನ್ನು ಹೊಗಳಿ ಹೋದರು.

ಮಾತು ಆಚೆ ರಸ್ತೆಗೆ ಮುಟ್ಟಿತು. ವಾರದೊಳಗೆ ಸುಜಿತನ ತಾಯಿ ಶಶಿಪ್ರಭಕ್ಕ ವಕೀಲರಾದ ವಿನಿತಾರನ್ನು ಕರೆದುಕೊಂಡು ಬಂದರು. ಮೊದಲು ನಮ್ಮ ಗೇಟು ದಾಟಿದವರಲ್ಲ. ಆ ದಿನ ಚಪ್ಪಲಿ ಬಿಟ್ಟು, ನಾನು ಕೂರಲು ಹೇಳುವವರೆಗೆ ನಿಂತರು. ಹೈಕೋರ್ಟಿನಲ್ಲಿ ಅಪೀಲು ಬಾಕಿಯಿದೆ, ನನ್ನ ಹೇಳಿಕೆ ಮತ್ತು ಮದುವೆಯ ವಿಡಿಯೋ ಬೇಕು ಎಂದು ವಕೀಲರು ಹೇಳಿದರು.

ತೃಪ್ತಿ ಸಿಟ್ಟಾದಳು. "ಅಮ್ಮ, ಸತ್ತ ಅಪ್ಪನನ್ನು ಸುಳ್ಳುಗಾರ ಮಾಡ್ತೀಯಾ?"

"ಸುಳ್ಳುಗಾರ ಅಲ್ಲ. ಕಣ್ಣು ಕಾಣ್ತಿರ್ಲಿಲ್ಲ."

"ಜನ ಎಂತ ಹೇಳಿಯಾರು?"

"ಜನ ಪಾಯಸ ಕುಡಿದು ಹೋದ್ರಲ್ಲ."

ಸಹಿ ಹಾಕಿದೆ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡ. ವಿಡಿಯೋ ಕೊಟ್ಟೆ. ಅದರಲ್ಲಿ ಇವರು ನಗುತ್ತಿದ್ದಾರೆ.

ವಕೀಲರು ಎದ್ದರು. ಶಶಿಪ್ರಭಕ್ಕ ಏಳಲಿಲ್ಲ. ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು.

"ಕಿನ್ನಿ, ನನ್ನ ಮಗ ಮಾಡ್ಲಿಲ್ಲ, ಅಲ್ವಾ?"

ಇಷ್ಟು ವರ್ಷ ಅದನ್ನು ಅವರು ಯಾರಲ್ಲೂ ಕೇಳಿರಲಿಕ್ಕಿಲ್ಲ. ಇವರಿದ್ದಿದ್ದರೆ ಒಂದು ಮಾತು ಹೇಳಿ ಸಮಾಧಾನದಲ್ಲಿ ಕಳಿಸುತ್ತಿದ್ದರು. ನನ್ನ ಬಾಯಿಗೂ ಬಂತು.

"ನನಗೆ ಗೊತ್ತಿಲ್ಲ ಅಕ್ಕ" ಎಂದೆ.

ವಿಡಿಯೋ ವಕೀಲರ ಚೀಲದಲ್ಲಿ ಹೋಯಿತು. ಶಶಿಪ್ರಭಕ್ಕ ಬರಿಗೈಯಲ್ಲಿ ಹೋದರು.